ಮಾವನ ಬದಲು ಅಕ್ಕ ತಿಂದ ಸೀತಾಫಲ

ಸೀತಾಫಲ ತಿಂದವಳು ಅಕ್ಕ. ಗುಣವಾಗಬೇಕಾದವರು ಮಾವ, ಅಂದರೆ ಅಕ್ಕನ ಗಂಡ. ನಡುವೆ ಸಿಕ್ಕಿಬಿದ್ದವನು ನಾನು.

ತಪ್ಪು ನನ್ನದೇ. ಉದಗೀರದ ಕಾಲೇಜಿನಲ್ಲಿ ರಿಸರ್ಚ್ ಮಾಡುವ ಮಗಳು ಗೌರಿ, ಸೀತಾಫಲದ ಸಾರ ಹಾಕಿದಾಗ ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳು ಸತ್ತವೆಂದು ಹೇಳಿದ್ದಳು. ಇದೇ ಅಂಕಣದಲ್ಲಿ ಬರೆದುಬಿಟ್ಟೆ. (ನಿಮಗೂ ನೆನಪಿರಬಹುದು, ಹಿತ್ತಲ ಗಿಡ, ಬೆಳದಿಂಗಳು ಎಂದೆಲ್ಲ ತೇಲಿಹೋಗಿದ್ದೆ.)

ಯೆಣೆಗೂರಿನ ಮಾವನಿಗೆ ಅದೇ ಕಾಯಿಲೆ. ಆಪರೇಷನ್ ಎಂದರೆ ಮೊದಲೇ ಹೆದರುವ ಮನುಷ್ಯ. ನನ್ನ ಬರಹ ಕತ್ತರಿಸಿ ವಿಭೂತಿ ಡಬ್ಬಿಯಲ್ಲಿಟ್ಟರು. ಆಪರೇಷನ್ನಿಗೆ ಗೊತ್ತುಮಾಡಿದ ದಿನ ಲಾತೂರಿನ ಆಸ್ಪತ್ರೆಗೆ ಹೋಗಲೇ ಇಲ್ಲ. ತಡಮಾಡಿದರೆ ಹಬ್ಬುತ್ತದೆ ಎಂದು ಡಾಕ್ಟರು ಮತ್ತೊಂದು ದಿನ ಕೊಟ್ಟರೆ, ಅದಕ್ಕೂ ಒಲ್ಲೆ ಎಂದರಂತೆ.

ರಜೆಗೆ ಬಂದಿದ್ದ ಗೌರಿಯನ್ನು ಕರೆದುಕೊಂಡು ಉಮರ್ಗಾದಿಂದ ಯೆಣೆಗೂರಿಗೆ ಓಡಿದೆ.

ತೊಂಬತ್ಮೂರರ ಭೂಕಂಪದ ನಂತರ ಕಟ್ಟಿದ ತಗಡಿನ ಮನೆ. ಜೋಳದ ಚೀಲದಲ್ಲಿ ಹುಗಿದಿಟ್ಟ ಹಣ್ಣಿನ ಪರಿಮಳ ಅಂಗಳದವರೆಗೂ ಹಬ್ಬಿತ್ತು. ಸಂಜೆಯ ಎಳೆಬಿಸಿಲು. ಬಂದ ಕೆಲಸವೇ ಒಂದು ಗಳಿಗೆ ಮರೆತುಹೋಯಿತು. ಅಕ್ಕ ಹೊಸ್ತಿಲಲ್ಲಿ ಕುಳಿತು, ಕಣ್ಣು ಮುಚ್ಚಿ, ಪೂಜೆ ಮಾಡುವವಳ ಹಾಗೆ ತಿನ್ನುತ್ತಿದ್ದಳು.

“ಮಾವ ತಿಂದಿಲ್ಲೇನು?” ಎಂದೆ.

“ಅವರು ಕಾಶ್ಯಾಗ ಈ ಹಣ್ಣು ಬಿಟ್ಟು ಬಂದಾರಲ್ಲೋ ತಮ್ಮಾ. ಅವರ ಬದಲಿ ನಾ ತಿನ್ಲಾಕತ್ತೀನಿ.”

(ಕಾಶಿಗೆ ಹೋದವರು ಇಷ್ಟದ ಹಣ್ಣೊಂದನ್ನು ಜನ್ಮಪೂರ್ತಿ ಬಿಡುತ್ತಾರೆ. ಮಾವ ಸೀತಾಫಲವನ್ನೇ ಬಿಡಬೇಕಿತ್ತೇ?)

“ಸೋಮವಾರ ನಾ ಉಪಾಸ ಮಾಡಿದರ ಪುಣ್ಯ ಅವರಿಗಿ ಮುಟ್ತದ. ಹಣ್ಣು ಯಾಕ ಮುಟ್ಟಲ್ಲ?”

ನಗಬೇಕೆನಿಸಿತು. ಗೌರಿಯ ಮುಖ ನೋಡಿದೆ.

ಗೌರಿ ಪಕ್ಕದಲ್ಲಿ ಕುಳಿತಳು. “ಅತ್ತಿ, ಆ ಕೋಶ ಸತ್ತದ್ದು ಲ್ಯಾಬಿನ ಗಾಜಿನ ಬಟ್ಟಲದಾಗ. ಮನಷಾನ ಹೊಟ್ಟ್ಯಾಗ ಅಲ್ಲ. ಮಾವ ತಾವೇ ತಿಂದಿದ್ರೂ ಆಪರೇಷನ್ ತಪ್ಪತಿದ್ದಿಲ್ಲ.”

ಅಕ್ಕ ಹಣ್ಣನ್ನು ಕೈಯಲ್ಲೇ ಹಿಡಿದು ಗೌರಿಯತ್ತ ತಿರುಗಿದಳು.

“ಹಂಗಾರ ಆಪರೇಷನ್ನೂ ಅವರ ಬದಲಿ ನಾ ಮಾಡಿಸ್ಕೊಳ್ಳಾಕ ಬರಲ್ಲೇನ?”

ಒಳಗೆ ಮಲಗಿದ್ದ ಮಾವನಿಗೆ ಅದು ಕೇಳಿಸಿತು. ಎದ್ದು ಬಂದರು. ಹೆಂಡತಿಯ ಕೈಯಿಂದ ಹಣ್ಣು ತೆಗೆದು ಕೆಳಗಿಟ್ಟರು. ವಿಭೂತಿ ಮೆತ್ತಿದ ಕಾಗದದ ತುಂಡನ್ನು ನನ್ನ ಮುಂದೆ ಹಿಡಿದರು.

“ಇದರಾಗ ಗಾಜಿನ ಬಟ್ಟಲ ಎಲ್ಲದನೋ?”

ಇರಲಿಲ್ಲ. ಬೆಳದಿಂಗಳಿಗೆ ಜಾಗ ಸಿಕ್ಕಿತ್ತು, ಬಟ್ಟಲಿಗೆ ಸಿಕ್ಕಿರಲಿಲ್ಲ.

“ಅದನ್ನ ಮೊದಲ ಬರಿ. ನಾಳಿ ಲಾತೂರಿಗಿ ಹೋಗಮ್.”

ಬರೆದಿದ್ದೇನೆ ಮಾವ, ನಾನೂ ಬೆಳದಿಂಗಳು ಬಿಟ್ಟೆ.