ಹೆಡ್‌ಸೆಟ್ಟಿಗೆ ಹಚ್ಚಿದ ವಿಭೂತಿ

ಶಿವಸ್ವಾಮಿ ಮೇಷ್ಟ್ರನ್ನು ನಾನು ಮೊದಲು ನೋಡಿದ್ದು ಪಿಯುಸಿ ಮುಗಿದ ಬೇಸಿಗೆಯಲ್ಲಿ. ನಮ್ಮೂರು ಹದಿನಾರಿನಿಂದ ಬೆಳಗಿನ ಬಸ್ಸು ಹಿಡಿದು ಅಪ್ಪ ನನ್ನನ್ನು ತಿ. ನರಸೀಪುರದ ಅವರ ಕಂಪ್ಯೂಟರ್ ಸೆಂಟರಿಗೆ ಕರೆದೊಯ್ದರು. ಹೋಟೆಲೊಂದರ ಮೇಲಿನ ಕೋಣೆ, ಐದು ಕಂಪ್ಯೂಟರು, ಅದರಲ್ಲೊಂದು ಕೆಟ್ಟಿತ್ತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆವು. ಮೇಷ್ಟ್ರ ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಅರ್ಧ ತೋಳಿನ ಬಿಳಿ ಷರಟು. ನನ್ನ ಅಂಕಪಟ್ಟಿಯನ್ನು ಅವರು ಮುಟ್ಟಲೂ ಇಲ್ಲ.

“ಎಲ್ಲಿ, ಕೈ ತೋರ್ಸವ್ವ,” ಎಂದರು. ತೋರಿಸಿದೆ.

“ಈ ಉಗುರು ಇಟ್ಕಂಡು ಏನ್ ಟೈಪ್ ಮಾಡೀಯೆ? ಕೋಳಿ ಕೆದಕ್ದಂಗಾಯ್ತದೆ. ಓಗಿ ಕತ್ತರಿಸ್ಕಂಡು ಬಾ.”

ಅಪ್ಪ ನಕ್ಕುಬಿಟ್ಟರು. ನನಗೆ ಅಳು ಬಂತು.

ಮರುದಿನದಿಂದ ಕೀಲಿಗಳನ್ನು ನೋಡದೆ ಹೊಡೆಯಲು ಕಲಿಸಿದರು. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಆದರೂ ನರಸೀಪುರದ ಖಾಸಗಿ ಶಾಲೆಯೊಂದರ ಆಫೀಸಿನಲ್ಲಿ ಕೆಲಸ ಸಿಕ್ಕಿದ್ದು ಟೈಪಿಂಗ್ ಬರುತ್ತದೆ ಎಂದೇ.

ಆಮೇಲೆ ಟ್ಯಾಬ್ ಬಂತು. ಬಾಯಲ್ಲಿ ಹೇಳಿದ್ದನ್ನು ಅದೇ ಬರೆದುಕೊಳ್ಳುವಾಗ ಟೈಪಿಂಗ್ ಕಲಿಯುವವರು ಯಾರು? ಸೆಂಟರಿಗೆ ಬೀಗ ಬಿತ್ತು. ನಮ್ಮ ಶಾಲೆಯವರು ಇಪ್ಪತ್ತು ಟ್ಯಾಬು, ಎರಡು ಹೆಡ್‌ಸೆಟ್ಟು ತರಿಸಿ ಲ್ಯಾಬ್ ತೆರೆದಾಗ, ಐವತ್ತೆರಡನೇ ವಯಸ್ಸಿನಲ್ಲಿ ಮೇಷ್ಟ್ರು ಅಲ್ಲಿ ಪಾಠ ಮಾಡುವ ಕೆಲಸಕ್ಕೆ ಅರ್ಜಿ ಹಾಕಿದರು. ದಸರೆಯವರೆಗೆ ತಾತ್ಕಾಲಿಕ, ಕೆಲಸ ನೋಡಿ ಕಾಯಂ ಎಂದರು ಕಾರ್ಯದರ್ಶಿ ಸೋಮಶೇಖರ್. ಹೆಡ್‌ಸೆಟ್ಟನ್ನು ಕಣ್ಣಿಗೆ ಕಟ್ಟಿಕೊಂಡರೆ ಎದುರಿಗೇ ಪರದೆ ತೇಲುತ್ತದೆ. ಗಾಳಿಯಲ್ಲಿ ಬೆರಳು ಚಿವುಟಿದರೆ ಪುಟ ತೆರೆಯುತ್ತದೆ. ಮೇಷ್ಟ್ರು ದಿನವೂ ಒಂದು ಗಂಟೆ ಮುಂಚೆ ಬಂದು ಒಬ್ಬರೇ ಅಭ್ಯಾಸ ಮಾಡುತ್ತಿದ್ದರು.

ಆಯುಧಪೂಜೆಯ ದಿನ, ಇಪ್ಪತ್ತು ವರ್ಷ ಕಂಪ್ಯೂಟರುಗಳಿಗೆ ಮಾಡಿದಂತೆಯೇ, ವಿಭೂತಿ ಕಲಸಿ ಹೆಡ್‌ಸೆಟ್ಟುಗಳ ಮುಂದಿನ ಕಪ್ಪು ಗಾಜಿನ ಮೇಲೆ ಮೂರು ಬೆರಳಿನಲ್ಲಿ ಎಳೆದರು. ಕೈಯ ಚಲನೆಯನ್ನು ನೋಡುವ ಕ್ಯಾಮೆರಾಗಳು ಇರುವುದು ಆ ಗಾಜಿನ ಹಿಂದೆ. ಸೋಮಶೇಖರ್ ಮಂಗಳಾರತಿ ತೆಗೆದುಕೊಂಡು ಫೋಟೊ ಹೊಡೆಸಿಕೊಂಡರು. ಹಬ್ಬ ಕಳೆದ ಮೇಲೆ ಮೇಷ್ಟ್ರು ಒಣಗಿದ ವಿಭೂತಿಯನ್ನು ಬಟ್ಟೆಯಿಂದ ಉಜ್ಜಿ ತೆಗೆದರು. ಗಾಜಿನ ತುಂಬ ಗೀರು. ಪೋಷಕರ ಸಭೆಯಲ್ಲಿ ತೋರಿಸಲು ಹೋದಾಗ ಎರಡೂ ಹೆಡ್‌ಸೆಟ್ಟು ಯಾರ ಕೈಯನ್ನೂ ಗುರುತಿಸಲಿಲ್ಲ.

“ಅದ್ರ ಕಣ್ಣಿಗೇ ಬೂದಿ ಬಳುದ್ರಲ್ಲ ಮೇಷ್ಟ್ರೇ!” ಸೋಮಶೇಖರ್ ಎಲ್ಲರೆದುರು ಕೂಗಿದರು.

“ಕಣ್ಣು ಮುಂದ್ಗಡೆ ಅದೆ ಅಂತ ಯಾರೂ ಏಳ್ನಿಲ್ವಲ್ಲ ಸಾ,” ಎಂದರು ಮೇಷ್ಟ್ರು. “ನೀವೂ ಅಲ್ಲೇ ಕೈ ಮುಗ್ಕಂಡು ನಿಂತಿದ್ರಿ.”

“ನಾನು ಮುಗ್ದೆ ಕಣ್ರೀ. ಬಳುದವ್ರು ನೀವು.”

ಪೋಷಕರು ನಕ್ಕರು.

ಕಾಯಂ ಆದೇಶದ ಬದಲು ಕೆಲಸದಿಂದ ತೆಗೆದ ಪತ್ರ ಹೋಯಿತು. ಅದನ್ನು ಟೈಪ್ ಮಾಡಿದ್ದು ನಾನು. ಆಗುವುದಿಲ್ಲ ಎನ್ನಲಿಲ್ಲ. ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಪಾಠವನ್ನು ಈಗ ಟ್ಯಾಬೇ ಮಾಡುತ್ತದೆ.

ಶಿವಸ್ವಾಮಿ ಮೇಷ್ಟ್ರು ನಂಜನಗೂಡಿನ ಕಾರ್ಖಾನೆಯೊಂದರ ಗೇಟಿನಲ್ಲಿ ಸೆಕ್ಯುರಿಟಿ ಕೆಲಸದಲ್ಲಿದ್ದಾರೆ. ಹಾಜರಿಗಾಗಿ, ಒಳಗೆ ಹೋಗುವ ಒಬ್ಬೊಬ್ಬರ ಮುಖದ ಮುಂದೆಯೂ ಟ್ಯಾಬ್ ಹಿಡಿಯುತ್ತಾರೆ.