ಹಳದಿ ಕಟ್ಟಿಗೆಯ ಗುರುತು

ಖಾನಾಪುರದ ಚಂದ್ರಭಾಗೆಯನ್ನು ನಮ್ಮ ಶಹಾಪುರದ ಓಣಿ ಕಣ್ತುಂಬ ನೋಡಿದ್ದು ೧೯೨೩ರ ಶ್ರಾವಣದಲ್ಲಿ, ಆಕೆ ನೇಕಾರರ ರಾಧಾಬಾಯಿಯ ಕಟ್ಟೆಯ ಮುಂದೆ ನಿಂತು ಬೈಸಿಕೊಳ್ಳುತ್ತಿದ್ದ ದಿನ.

ಹಲಸಿನ ಮರಕ್ಕೆ ಹತ್ತಿಕೊಂಡು ಬೆಳೆಯುವ, ಕಟ್ಟಿಗೆಯಷ್ಟು ಗಟ್ಟಿಯಾದ ಅಣಬೆಗೆ ಆ ಕಡೆ ಫಣಸಂಬಾ ಎನ್ನುತ್ತಾರೆ. ಎಳೆಗೂಸಿನ ಬಾಯಿ ಹುಣ್ಣಾದರೆ ಅದನ್ನು ಸಾಣೆಕಲ್ಲಿನ ಮೇಲೆ ತೇಯ್ದು ಹಚ್ಚುವುದು ರೂಢಿ. ಚಂದ್ರಭಾಗೆ ಅದನ್ನು ಬುಟ್ಟಿಯಲ್ಲಿ ತುಂಬಿಕೊಂಡು ರೈಲಿನಲ್ಲಿ ಬಂದು ಮನೆಮನೆಗೆ ಮಾರುತ್ತಿದ್ದಳು. ರಾಧಾಬಾಯಿಯ ಮೊಮ್ಮಗನಿಗೆ ಎಂಟು ದಿನ ಹಚ್ಚಿದರೂ ಹುಣ್ಣು ಮಾಯಲಿಲ್ಲ. ಕೂಸು ಮೊಲೆ ಹಿಡಿಯದೆ ಸೊರಗಿತ್ತು.

“ಔಷಧ ಅಂತ ಕೊಟ್ಟಿ. ಒಲಿಗೆ ಹಾಕಿದ್ರ ನೀರರ ಕಾಯ್ತಿದ್ವು!” ಎಂದಳು ರಾಧಾಬಾಯಿ.

“ಆಮ್ಯಾಲೆ ಬೈರಿ ವೈನಿ. ಉಳದ ತುಂಡು ತೋರ್ಸ್ರಿ ಮದಲ.”

ತುಂಡಿನ ಬುಡಕ್ಕೆ ಮರದ ಸಿಬಿರೊಂದು ಅಂಟಿತ್ತು. ಚಂದ್ರಭಾಗೆ ಉಗುರಿನಿಂದ ಕೆರೆದಳು. ಹಲಸಿನ ಕಟ್ಟಿಗೆ ಅರಿಷಿಣದಂತೆ ಹಳದಿ, ಇದು ಮಾವಿನ ಕಟ್ಟಿಗೆಯಂತೆ ಬೆಳ್ಳಗಿತ್ತು. ಮಳೆಗೆ ಜಾರುವ ಮರವನ್ನು ಹತ್ತಲು ಬೇಸರಪಟ್ಟು, ಹಲಸಿನ ಕೆಳಗೆ ಬಿದ್ದಿದ್ದ, ತೊಗಟೆ ಉದುರಿದ ದಿಮ್ಮಿಯಿಂದ ಅಣಬೆ ಕಿತ್ತು ತಂದಿದ್ದಳು. ಅದು ಹಲಸಿನದೇ ಎಂದುಕೊಂಡಿದ್ದಳು.

“ತಪ್ಪು ನಂದ ರೀ. ಇದು ಮಾವಿಂದು. ನಾಡದು ಖರೇ ಫಣಸಂಬಾ ತರ್ತೇನಿ.”

“ಇದನ್ನೂ ಖರೇ ಅಂತನ ಕೊಟ್ಟಿದ್ದಿ!”

ಅದೇ ಬುಟ್ಟಿಯ ತುಂಡುಗಳು ಪಕ್ಕದ ವಡಗಾವಿಯ ಏಳು ಮನೆಗಳಿಗೂ ಹೋಗಿದ್ದವು. ಒಂದೊಂದು ಬಾಗಿಲಿಗೂ ಹೋಗಿ ತಪ್ಪು ಒಪ್ಪಿಕೊಂಡು, ತುಂಡುಗಳನ್ನು ಮರಳಿ ಪಡೆದು ರೈಲು ಹತ್ತಿದಳು. ಮರುದಿನ ಕಚ್ಚೆ ಬಿಗಿದು ಹಲಸಿನ ಮರ ಏರಿದಳು. ಮೊದಲು ಸಿಕ್ಕ ಅಣಬೆಯನ್ನು ಮುರಿದರೆ ಒಳಗೆಲ್ಲ ತೂತು, ಸಣ್ಣ ಕರಿಯ ಹುಳುಗಳು, ಎಸೆದಳು. ಎರಡು ಸಲ ಕಾಲು ಜಾರಿ ಮೊಣಕಾಲು ತರಚಿತು. ಗಟ್ಟಿಯಾದದ್ದು ಸಿಕ್ಕಿದ್ದು ಮೇಲಿನ ಕವಲಿನಲ್ಲಿ. ಬೆರಳಗಲದ ಕಟ್ಟಿಗೆಯ ಸಮೇತ ಅದನ್ನು ಕಡಿದು ಶಹಾಪುರಕ್ಕೆ ತಂದಳು.

ರಾಧಾಬಾಯಿ ತಾನೇ ಕೆರೆದು, ಹಳದಿ ಕಂಡ ಮೇಲೆಯೇ ಸಾಣೆಕಲ್ಲು ಹೊರಗೆ ತಂದಳು. ಚಂದ್ರಭಾಗೆ ಊರಿಗೆ ಹೋಗಲಿಲ್ಲ. ಆ ಕಟ್ಟೆಯ ಮೇಲೆಯೇ ಬಿಡಾರ ಹೂಡಿ ದಿನಕ್ಕೆ ಮೂರು ಸಲ ತೇಯ್ದು ಕೊಟ್ಟಳು. ಐದನೆಯ ದಿನ ಬೆಳಿಗ್ಗೆ ಕೂಸು ಮೊಲೆಗೆ ಬಾಯಿ ಹಚ್ಚಿತು.

“ಇನ್ನರ ಹೋಗವಾ, ನಿನ್ನ ಗಂಡ ಹುಡಕ್ಕೋತ ಬಂದಾನು,” ಎಂದು ರಾಧಾಬಾಯಿ ಒಂದು ಕುಪ್ಪಸದ ಖಣ ಉಡಿಗೆ ಹಾಕಿದಳು.

ಅದಾಗಿ ಆರು ವರ್ಷ. ಈಗ ಖಾನಾಪುರದ ಜನ ಮರದ ಮೇಲೆ ವಿಚಿತ್ರವಾದ ಅಣಬೆಯನ್ನೋ ಹುಳುವನ್ನೋ ಕಂಡರೆ ಆಕೆಯ ಮನೆಗೆ ತರುತ್ತಾರೆ. “ಟೊಂಗಿ ಎಲ್ಲೈತಿ?” ಎಂಬುದೇ ಆಕೆಯ ಮೊದಲ ಮಾತು, ಮರದ ಗುರುತಿಲ್ಲದೆ ಬಂದವರನ್ನು ತಿರುಗಿ ಕಳಿಸುತ್ತಾಳೆ. ಹೋದ ವಾರ ನೆರೆಮನೆಯ ಭರಮಣ್ಣ ಮತ್ತಿ ಮರದ ಟೊಂಗೆಯೊಡನೆ ಒಂದು ಹಸಿರು ಹುಳು ತಂದ. ಅದರ ಹೆಸರು ಆಕೆಗೂ ತಿಳಿಯಲಿಲ್ಲ. ಗಾಜಿನ ಭರಣಿಯಲ್ಲಿಟ್ಟು, ದಿನಾ ಹೊಸ ಮತ್ತಿ ಎಲೆ ಹಾಕುತ್ತ, ಅದು ಏನಾಗುತ್ತದೆಂದು ಕಾಯುತ್ತಿದ್ದಾಳೆ.