ಮೇಟಿ ಕುಳಿಯಲ್ಲಿದ್ದ ಚೆಂಡು

ದೆವ್ವ, ಪವಾಡ ಎಂದು ಯಾರಾದರೂ ಕಥೆ ಶುರು ಮಾಡಿದರೆ ಎದ್ದು ಹೋಗುವವರ ಪೈಕಿ ನಾನು. "ಕಣ್ಣಾರೆ ಕಂಡೆ" ಎನ್ನುವವರ ಮೇಲಂತೂ ಸಿಟ್ಟೇ ಬರುತ್ತಿತ್ತು. ಅಂಥವನು ಈಗ ಕಣ್ಣಾರೆ ಕಂಡದ್ದನ್ನು ಬರೆಯಲು ಕೂತಿದ್ದೇನೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ.

ಐವತ್ತರ ದಶಕದ ಕೊನೆ. ನಾನು ಪಾಂಡವಪುರದಲ್ಲಿ ನೀರಾವರಿ ಇಲಾಖೆಯ ಓವರ್‌ಸಿಯರ್. ಕೆ.ಆರ್.ಎಸ್.ನಲ್ಲಿದ್ದ ಹಿರಿಯ ಎಂಜಿನಿಯರೊಬ್ಬರು ನಿವೃತ್ತರಾಗಿ ಹೊರಡುವಾಗ ಎರಡು ಗಾಲ್ಫ್ ಕೋಲು, ಒಂದೇ ಒಂದು ಚೆಂಡು ನನ್ನ ಕೈಗಿಟ್ಟು ಹೋದರು. ನಾನು, ನಾಲೆಯಂಚಿನ ಹಳ್ಳಿಯ ರೈತ ಕೆಂಪಣ್ಣ, ಶ್ರೀರಂಗಪಟ್ಟಣದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ರಂಗಸ್ವಾಮಿ, ಮೂವರಿಗೂ ಆ ಆಟದ ಹುಚ್ಚು ಹಿಡಿಯಿತು. ಆಡುತ್ತಿದ್ದುದು ಕೆಂಪಣ್ಣನ ಮನೆಯ ರಾಗಿ ಕಣದಲ್ಲಿ. ಸಗಣಿ ಸಾರಿಸಿದ ಆ ನೆಲ ನುಣ್ಣಗೆ, ಮಟ್ಟಸವಾಗಿತ್ತು. ಒಕ್ಕಣೆ ಮುಗಿದು ನಡುವಿನ ಮೇಟಿ ಕಂಬ ಕಿತ್ತ ಮೇಲೆ ಉಳಿಯುವ ಕುಳಿಯೇ ನಮ್ಮ ಗುರಿ. ನಾಲೆ ಏರಿಯ ಮೇಲಿಂದ ಹೊಡೆಯುವುದು, ಕಣಕ್ಕೆ ಬಂದರೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಆಡುವುದು. ಎಂಥಾ ಸಂತೋಷದ ಭಾನುವಾರಗಳಪ್ಪಾ ಅವು. ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತಿತ್ತು.

ಅಷ್ಟರಲ್ಲಿ ಸಕ್ಕರೆ ಕಾರ್ಖಾನೆ ಬಂತು. ಕಬ್ಬಿಗೆ ಕಣ ಬೇಕಿಲ್ಲ. ಮನೆಯ ಯಜಮಾನರಾಗಿದ್ದ ಕೆಂಪಣ್ಣನ ಅಣ್ಣ ಸಿದ್ದೇಗೌಡರು ಕಣವನ್ನೂ ಉತ್ತು ಕಬ್ಬು ಹಾಕುತ್ತೇನೆಂದರು. ನಮಗೆ ಜೀವವೇ ಹೋದಂತಾಯಿತು. ಮುಂದಿನ ಭಾನುವಾರ ಬೆಳಿಗ್ಗೆ ಹೋದರೆ ಗೌಡರು ನೇಗಿಲು ಹೂಡಿಕೊಂಡು ಏರಿಯ ಮೇಲೆ ನಿಂತಿದ್ದಾರೆ. ಕೆಂಪಣ್ಣ ಅಣ್ಣನ ಕಾಲಿಗೆ ಬೀಳುವುದೊಂದು ಬಾಕಿ.

"ಆಯ್ತು ಕಣ್ಲಾ," ಎಂದರು ಗೌಡರು. "ಇಲ್ಲಿಂದ ಒಂದೇ ಏಟ್ಗೆ ಆ ಕುಳಿಗೆ ಬೀಳ್ಸು. ಬಿದ್ರೆ ಕಣ ನಿಮ್ಗೇ ಬುಟ್ಬುಡ್ತೀನಿ. ಇಲ್ದಿದ್ರೆ ಬಾಯ್ ಮುಚ್ಕೊಂಡು ನೇಗ್ಲು ಇಡ್ಕೊ."

ಕೆಂಪಣ್ಣ ನಮ್ಮ ಮೂವರಲ್ಲಿ ತೀರಾ ಕಳಪೆ ಆಟಗಾರ. ಬೀಸಿ ಹೊಡೆದ. ಚೆಂಡು ಅಡ್ಡ ತಿರುಗಿ, ತುಂಬಿ ಹರಿಯುತ್ತಿದ್ದ ನಾಲೆಗೆ ಬಿತ್ತು. ನೀರು ಚಿಮ್ಮಿದ್ದನ್ನು ನಾಲ್ವರೂ ನೋಡಿದೆವು.

"ಮುಗೀತು ಬುಡ್ಲಾ," ಎಂದ ರಂಗಸ್ವಾಮಿ. ಅವನ ಕಣ್ಣಲ್ಲಿ ನೀರಿತ್ತು. ನನ್ನದೂ ಅದೇ ಪಾಡು.

ಗೌಡರು ಎತ್ತು ಹೊಡೆದುಕೊಂಡು ಕಣಕ್ಕಿಳಿದರು, ಹಿಂದೆ ನಾವು. ಉಳುವ ಮೊದಲು ಕುಳಿ ಮುಚ್ಚೋಣವೆಂದು ಬಗ್ಗಿದವರು ಹಾಗೇ ನಿಂತುಬಿಟ್ಟರು. ಕೈ ಹಾಕಿ ತೆಗೆದರೆ ಚೆಂಡು. ನಮ್ಮದೇ ಚೆಂಡು, ಕೆಂಪಣ್ಣನ ನಾಯಿ ಕಚ್ಚಿದ್ದ ಗುರುತು ಸಮೇತ. ಮೇಲೆ ಒಂದು ಹನಿ ನೀರಿಲ್ಲ.

ಗೌಡರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ತಮ್ಮನ ಕೈಗಿಟ್ಟು ಎತ್ತು ಬಿಚ್ಚಿದರು. ಕೆಂಪಣ್ಣ ಕಣದ ತುಂಬ ಕುಣಿದಾಡಿಬಿಟ್ಟ. ಆಮೇಲೂ ವರ್ಷಗಟ್ಟಲೆ ಅಲ್ಲೇ ಆಡಿದೆವು. ಕೆ.ಆರ್. ಪೇಟೆಗೆ, ನಾಗಮಂಗಲಕ್ಕೆ ವರ್ಗವಾದರೂ ನಾನು ಭಾನುವಾರ ಬಸ್ಸು ಹತ್ತಿ ಬರುತ್ತಿದ್ದೆ.

ಇದಕ್ಕೆ ನನ್ನದೇ ಒಂದು ಲೆಕ್ಕಾಚಾರವಿತ್ತು. ಏಟಿಗೆ ಕಿತ್ತುಬಂದ ಮಣ್ಣುಹೆಂಟೆ ನೀರಿಗೆ ಬಿದ್ದಿರಬೇಕು, ಚೆಂಡು ಅಲ್ಲೇ ಕಾಲಬಳಿ ಉಳಿದಿರಬೇಕು. ತಮ್ಮನ ಮುಖ ನೋಡಲಾರದೆ ಗೌಡರು ಅದನ್ನು ಮುಷ್ಟಿಯಲ್ಲಿ ತಂದು, ಕುಳಿಯಿಂದ ತೆಗೆದಂತೆ ನಟಿಸಿದ್ದಾರೆ. ಮೇಲೆ ಒರಟ, ಒಳಗೆ ಬೆಣ್ಣೆ. ಈ ನಂಬಿಕೆಯಿಂದ ಆ ಮನುಷ್ಯನ ಮೇಲೆ ನನಗೆ ಬಹಳ ಪ್ರೀತಿ ಬೆಳೆದಿತ್ತು.

ಹೋದ ವರ್ಷ ಕೆಂಪಣ್ಣನ ಮಗಳ ಮದುವೆಯ ಬೀಗರೂಟದಲ್ಲಿ, ಈಗ ಹಣ್ಣು ಮುದುಕರಾಗಿರುವ ಸಿದ್ದೇಗೌಡರು ನನ್ನ ಪಕ್ಕದ ಎಲೆಗೇ ಕೂತರು. ಇವತ್ತಾದರೂ ಅವರಿಗೊಂದು ಕೃತಜ್ಞತೆ ಹೇಳಿಬಿಡೋಣ ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವರೇ ಮೊಣಕೈಯಿಂದ ತಿವಿದು ನಕ್ಕರು.

"ಅಲ್ಲ ಕಣಯ್ಯ, ನಂಗೂ ವಯಸ್ಸಾಯ್ತು. ಈಗ್ಲಾದ್ರೂ ನಿಜ ಏಳ್ಬುಡು. ಅವತ್ತು ಆ ಚೆಂಡ ಕುಳಿಗೆ ಆಕಿದ್ದು ನೀನೇ ತಾನೆ?"

ತುತ್ತು ಕೈಯಲ್ಲೇ ಉಳಿಯಿತು. ನಾನಲ್ಲ ಎಂದು ಆಣೆ ಮಾಡಿ ಹೇಳಿದೆ. ಅವರು ನಂಬಲಿಲ್ಲ.